ಅಮೆರಿಕದಲ್ಲಿ ಅಂಗವಿಕಲರಿಗೆ ಅಂಗಡಿಯೊಳಗೆ ಬರಲು ಅಡ್ಡಿಯಿದೆ ಎಂದು ಕೇಸ್ ಬಿದ್ದರೆ ಮಾಲೀಕರು ಮೊದಲು ಏನು ಮಾಡಬೇಕು?

ದೂರಿನಲ್ಲಿ ಹೇಳಿದ ಅಡ್ಡಿಯನ್ನು ಮೊದಲು ಸರಿಪಡಿಸಿ. ಫೋಟೊ, ಅಳತೆ, ಬಿಲ್ ಎಲ್ಲ ಜೋಪಾನವಾಗಿ ಇಟ್ಟುಕೊಳ್ಳಿ. ವಕೀಲರು ಬೇಕೇ ಬೇಕು, ಆದರೆ ಸುಮ್ನೆ ವಾದಕ್ಕಿಳಿದರೆ ಖರ್ಚೇ ಜಾಸ್ತಿ.

ಕಾರಣ ಇಷ್ಟು: ಅಂಗವಿಕಲರ ಹಕ್ಕಿಗಾಗಿ 1990ರಲ್ಲಿ ಬಂದ ಫೆಡರಲ್ ಕಾಯ್ದೆ ಎಡಿಎ. ಅದರಡಿ ಅಂಗಡಿ, ಹೋಟೆಲ್‌ಗಳ ಮೇಲೆ ಕೇಸ್ ಹಾಕಿದ ವ್ಯಕ್ತಿಗೆ ಪರಿಹಾರದ ಹಣ ಸಿಗುವುದಿಲ್ಲ. ಗೆದ್ದರೆ ಸಿಗುವುದು ಅಡ್ಡಿ ತೆಗೆಯುವ ಆದೇಶ ಮತ್ತು ವಕೀಲರ ಫೀಸು. ತೀರ್ಪಿಗೆ ಮುಂಚೆಯೇ ರ‍್ಯಾಂಪ್ ನಿಯಮದಂತೆ ಸಿದ್ಧವಾದರೆ ಕೋರ್ಟ್ ಆದೇಶಿಸಲು ಏನು ಉಳಿಯಿತು, ಅಲ್ವಾ? ಆ ಕೇಸ್ ಸಾಮಾನ್ಯವಾಗಿ ವಜಾ ಆಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಇಷ್ಟು ಸಾಲದು. ತಾರತಮ್ಯ ತಡೆಯಲು ಇರುವ ಆ ರಾಜ್ಯದ ಉನ್ರೂ ಕಾಯ್ದೆಯಲ್ಲಿ ಸಾಮಾನ್ಯವಾಗಿ ಕನಿಷ್ಠ 4,000 ಡಾಲರ್ ಪರಿಹಾರವಿದೆ. ಆಮೇಲೆ ಸರಿಪಡಿಸಿದರೂ ಆ ಬೇಡಿಕೆ ಹೋಗುವುದಿಲ್ಲ. ಬೇಗ ಸರಿಪಡಿಸಿದರೆ ಕೆಲವೊಮ್ಮೆ ಮೊತ್ತ ಇಳಿಯುತ್ತದೆ.