ಎರಡು ಕಡೆ ಎರಡು ಎಚ್-ಇಂಡೆಕ್ಸ್ ಯಾಕೆ?

ನಿಮಗೆ ಗೈಡ್ ಆಗಲಿರುವ ಡಾಕ್ಟರ ಎಚ್-ಇಂಡೆಕ್ಸ್ (ಅವರ ಪೇಪರ್‌ಗಳನ್ನು ಬೇರೆ ಸಂಶೋಧಕರು ಎಷ್ಟು ಉಲ್ಲೇಖಿಸಿದ್ದಾರೆ ಅಂತ ಅಳೆಯುವ ಅಂಕಿ) ಗೂಗಲ್ ಸ್ಕಾಲರ್‌ನಲ್ಲಿ 24, ಸ್ಕೋಪಸ್‌ನಲ್ಲಿ 15 ಇದೆ (ಎರಡೂ ಪೇಪರ್, ಉಲ್ಲೇಖಗಳನ್ನು ಎಣಿಸುವ ಆನ್‌ಲೈನ್ ತಾಣಗಳು), ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಎರಡೂ ಸರಿ ಇರಬಹುದು. ಸ್ಕೋಪಸ್ ತಾನು ಆರಿಸಿಕೊಂಡ ಜರ್ನಲ್, ಪುಸ್ತಕ, ಸಮ್ಮೇಳನದ ಪೇಪರ್‌ಗಳನ್ನಷ್ಟೇ ಎಣಿಸುತ್ತದೆ. ಗೂಗಲ್ ಸ್ಕಾಲರ್ ಆದರೆ ಥೀಸಿಸ್, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲೇ ಆನ್‌ಲೈನ್‌ಗೆ ಹಾಕಿದ ಪೇಪರ್) ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಹೆಸರು ಕುಮಾರ್, ರಾವ್ ಅಂತಿದ್ದರೆ ಅದೇ ಹೆಸರಿನ ಬೇರೆಯವರ ಪೇಪರೂ ಸೇರಿಕೊಂಡಿರಬಹುದು, ಅದನ್ನೊಮ್ಮೆ ನೋಡಿ.

24 ಅಂದರೆ ಕನಿಷ್ಠ 24 ಸಲ ಉಲ್ಲೇಖವಾದ 24 ಪೇಪರ್ ಇವೆ ಅಂತ, ಅಷ್ಟೇ. 2005ರಲ್ಲಿ ಇದನ್ನು ಹುಟ್ಟುಹಾಕಿದ್ದು ಹಿರ್ಶ್ ಎಂಬ ಭೌತವಿಜ್ಞಾನಿ, ವೈದ್ಯರಲ್ಲ! ಪೇಪರಿನಲ್ಲಿ ಯಾರ ಕೆಲಸ ಎಷ್ಟು ಅನ್ನೋದು ಈ ಲೆಕ್ಕಕ್ಕೆ ಬರುವುದಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬರುವ 'ಗ್ಲೋಬಲ್ ಬರ್ಡನ್ ಆಫ್ ಡಿಸೀಸ್' ಪೇಪರ್‌ಗಳಿಗೆ ನೂರಾರು ಲೇಖಕರು, ಸಾವಿರಾರು ಉಲ್ಲೇಖ. ಪಟ್ಟಿಯ ನಡುವೆ ಎಲ್ಲೋ ಹೆಸರಿದ್ದವರಿಗೂ ಅಷ್ಟೂ ಉಲ್ಲೇಖ ಸಿಗುತ್ತದೆ.

ಉಲ್ಲೇಖ ಜಾಸ್ತಿ ಅಂದರೆ ದೊಡ್ಡ ಶೋಧ ಅಂತಲೂ ಅಲ್ಲ. ಲೌರಿ ಎಂಬ ವಿಜ್ಞಾನಿಯ 1951ರ ಪೇಪರ್ 3 ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖವಾಗಿದೆ. ಅದರಲ್ಲಿರುವುದು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ. ಲ್ಯಾಬ್‌ನಲ್ಲಿ ಎಲ್ಲರಿಗೂ ಬೇಕಾಯಿತು, ಎಲ್ಲರೂ ಉಲ್ಲೇಖಿಸಿದರು.

ನಾನಾಗಿದ್ದರೆ ವೈದ್ಯಕೀಯ ಪೇಪರ್ ಹುಡುಕುವ ಪಬ್‌ಮೆಡ್ ತಾಣದಲ್ಲಿ ಅವರ ಈಚಿನ ಐದು ವರ್ಷದ ಪೇಪರ್ ತೆಗೆದು, ಮೊದಲ ಹೆಸರು ಯಾರದ್ದು ಅಂತ ನೋಡುತ್ತಿದ್ದೆ. ಸಾಮಾನ್ಯವಾಗಿ ಮೊದಲ ಹೆಸರು ಹೆಚ್ಚು ಕೆಲಸ ಮಾಡಿದವರದ್ದು, ಕೊನೆಯದು ಮಾರ್ಗದರ್ಶಕರದ್ದು. ಅವರ ವಿದ್ಯಾರ್ಥಿಗಳದ್ದಾಗಿದ್ದು, ಕೊನೆಯ ಹೆಸರು ಅವರದ್ದಾಗಿದ್ದರೆ, 15 ಇದ್ದರೂ ಸುಮ್ನೆ ಸೇರಿಕೊಳ್ಳಿ.