ಅಮೆರಿಕದ ಹೊರಗೆ ಓದಿದ ಡಾಕ್ಟರು ಅಲ್ಲಿನ ವೈದ್ಯ ಲೈಸೆನ್ಸ್ ಪರೀಕ್ಷೆಗಳನ್ನು (ಯುಎಸ್‌ಎಂಎಲ್‌ಇ) ಯಾವ ಕ್ರಮದಲ್ಲಿ ಬರೆಯಬೇಕು?

ಹೆಚ್ಚಿನವರಿಗೆ ಹೊಂದುವ ಕ್ರಮ ಇದು: ಮೊದಲು ಸ್ಟೆಪ್ 1, ಆಮೇಲೆ ಸ್ಟೆಪ್ 2 ಸಿಕೆ (ಕ್ಲಿನಿಕಲ್ ನಾಲೆಡ್ಜ್), ಅದರ ಆಸುಪಾಸಿನಲ್ಲೇ ಇಂಗ್ಲಿಷ್ ಪರೀಕ್ಷೆ ಒಇಟಿ, ಕೊನೆಗೆ ಸ್ಟೆಪ್ 3.

ಮೊದಲ ಎರಡನ್ನು ಹಿಂದುಮುಂದು ಮಾಡಿ ಬರೆದರೂ ನಿಯಮ ಅಡ್ಡ ಬರುವುದಿಲ್ಲ. ಸ್ಟೆಪ್ 3 ಹಾಗಲ್ಲ. ಆ ಎರಡೂ ಪಾಸಾಗಿ, ವಿದೇಶಿ ಪದವೀಧರರಿಗೆ ಕೊಡುವ ಇಸಿಎಫ್‌ಎಂಜಿ ಅರ್ಹತಾ ಪತ್ರ ಸಿಕ್ಕ ಮೇಲಷ್ಟೇ ಅದನ್ನು ಬರೆಯಬಹುದು.

ಮತ್ತೆ ಸ್ಟೆಪ್ 1 ಯಾಕೆ ಮೊದಲು? ದೇಹ, ರೋಗ, ಔಷಧಿಗಳ ಮೂಲ ಪಾಠ ಅದರಲ್ಲಿದೆ. ರೋಗಿಯನ್ನು ಮುಂದಿಟ್ಟು ಪ್ರಶ್ನೆ ಕೇಳುವ ಸ್ಟೆಪ್ 2 ಸಿಕೆ ನಿಂತಿರುವುದೇ ಆ ಪಾಠದ ಮೇಲೆ. ಇನ್ನೊಂದು ವಿಷಯ: 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕವಿಲ್ಲ, ಪಾಸು ಅಥವಾ ಫೇಲು ಅಷ್ಟೇ. ಹಾಗಾಗಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯ ತರಬೇತಿ ಸೀಟು ಕೊಡುವವರು ಸ್ಟೆಪ್ 2 ಸಿಕೆ ಅಂಕವನ್ನೇ ಜಾಸ್ತಿ ನೋಡುತ್ತಾರೆ. ಪಾಸಾದ ಮೇಲೆ ಅಂಕ ಏರಿಸಿಕೊಳ್ಳಲು ಮತ್ತೆ ಬರೆಯುವಂತಿಲ್ಲ. ಸುಮ್ನೆ ಅವಸರ ಮಾಡಬೇಡಿ.

ತಾರೀಖನ್ನು ಹಿಂದಿನಿಂದ ಎಣಿಸಿ. ರೆಸಿಡೆನ್ಸಿ ಅರ್ಜಿ ಹಾಕುವುದು ಸೆಪ್ಟೆಂಬರಿನಲ್ಲಿ, ಫಲಿತಾಂಶಕ್ಕೆ ಕೆಲವು ವಾರ ಬೇಕು. ನನ್ನ ಪ್ರಕಾರ ಜೂನ್ ಒಳಗೆ ಸಿಕೆ ಮುಗಿಸಿದರೆ ನೆಮ್ಮದಿ. ಎಚ್-1ಬಿ ವೀಸಾ ಬೇಕಿದ್ದರೆ ಸ್ಟೆಪ್ 3 ಕೂಡ ಮೊದಲೇ ಪಾಸಾಗಿರಬೇಕು. ವಿನಿಮಯ ಕಾರ್ಯಕ್ರಮದಡಿ ತರಬೇತಿಗೆ ಬರುವವರ ಜೆ-1 ವೀಸಾ ಸಾಕೆನ್ನುವವರು ಅದನ್ನು ತರಬೇತಿ ಶುರುವಾದ ಮೇಲೆ ಬರೆದರೂ ನಡೆಯುತ್ತದೆ.

ಅಂದಹಾಗೆ, ಇಸಿಎಫ್‌ಎಂಜಿ ಪತ್ರಕ್ಕೆ ಮೊದಲ ಎರಡು ಸ್ಟೆಪ್‌ಗಳನ್ನು 7 ವರ್ಷದೊಳಗೆ ಪಾಸು ಮಾಡಿರಬೇಕು.