ಎರಡು ಸಲ ನೀರು ತಡೆಯುವ ಕೋಟಿಂಗ್ ಹಚ್ಚಿಸಿದರೂ ತಾರಸಿ ಮತ್ತೆ ಸೋರುತ್ತಿದೆ, ಈ ಸಲ ಯಾವ ಒಳ್ಳೆ ಬ್ರ್ಯಾಂಡ್ ಹಚ್ಚಲಿ?

ಯಾವುದನ್ನೂ ಹಚ್ಚಬೇಡಿ. ನಾನು ಮೂರನೇ ಸಲವೂ ಹಚ್ಚಿಸಿದವನು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಮನೆಯಲ್ಲಿ ನೀರು ಹನಿಯುತ್ತಿದ್ದದ್ದು ಹಾಲ್‌ನ ಫ್ಯಾನಿನ ಕೊಕ್ಕೆಯಿಂದ. ಮೊದಲ ವರ್ಷ ಒಳಗಿನಿಂದ ಅಳತೆ ಹಿಡಿದು, ಅದೇ ಅಳತೆಯಲ್ಲಿ ತಾರಸಿ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದೆ. ಅಲ್ಲೊಂದು ಕೂದಲೆಳೆಯಷ್ಟು ಬಿರುಕೂ ಸಿಕ್ಕಿತು. ಸಿಗದೇ ಏನು, ಹಳೇ ತಾರಸಿಯಲ್ಲಿ ಎಲ್ಲಿ ವೃತ್ತ ಬರೆದರೂ ಒಳಗೊಂದು ಬಿರುಕು ಇದ್ದೇ ಇರುತ್ತದೆ! ಅಲ್ಲಿಗಷ್ಟೇ ಕೋಟಿಂಗ್ ಹಚ್ಚಿಸಿ ಕೆಲಸ ಮುಗೀತು ಅಂದುಕೊಂಡೆ. ಮುಂದಿನ ಮಳೆಗೆ ಅದೇ ಜಾಗ, ಅದೇ ಬಕೆಟ್ಟು. ಎರಡನೇ ವರ್ಷ ಇಡೀ ತಾರಸಿಗೆ ಕೋಟಿಂಗ್. ಮೂರನೇ ವರ್ಷ ಅದರ ಮೇಲೆ ಇನ್ನೊಂದು.

ಹನಿ ಬೀಳುವ ಜಾಗವೇ ನೀರು ಒಳಗೆ ಬರುವ ಜಾಗ ಆಗಿರಬೇಕಿಲ್ಲ. ಕಾಂಕ್ರೀಟ್ ಹಾಕುವಾಗಲೇ ವೈರಿನ ಪೈಪುಗಳನ್ನು ಸ್ಲ್ಯಾಬಿನೊಳಗೆ ಹೂತಿರುತ್ತಾರೆ. ನೀರು ಎಲ್ಲೋ ಇಳಿದು ಆ ಪೈಪು ಹಿಡಿದರೆ ಹತ್ತು ಹದಿನೈದು ಅಡಿ ದೂರದ ಫ್ಯಾನಿನ ತೂತಿನಲ್ಲಿ ಹೊರಗೆ ಬರಬಹುದು. (ನಿಮ್ಮದೂ ಫ್ಯಾನ್ ಅಥವಾ ಲೈಟಿನ ಹತ್ತಿರವೇ ಸೋರುತ್ತಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ಅದರ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ ಬನ್ನಿ.)

ಇಷ್ಟೂ ಬರೀ ದಡ್ಡತನ. ನನ್ನನ್ನು ಮುಳುಗಿಸಿದ ತಪ್ಪು ಬೇರೆ. ಮೂರನೇ ಕೋಟಿಂಗ್ ಆದ ಮೇಲೂ ಸೋರಿದಾಗ, ನೀರು ನಿಲ್ಲಿಸಿ ನೋಡೋಣ ಅಂತ ಮಳೆನೀರಿನ ಪೈಪಿನ ಬಾಯಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ತುಂಬಿಸಿದೆ. ಎರಡು ದಿನ ಇಟ್ಟೆ. ಒಂದು ಹನಿ ಬೀಳಲಿಲ್ಲ. ತಾರಸಿ ಸರಿಯಾಗಿದೆ, ಹಾಗಾದರೆ ಟ್ಯಾಂಕಿನಿಂದ ಇಳಿಯುವ ಪೈಪು ಗೋಡೆಯೊಳಗೆ ಒಡೆದಿರಬೇಕು ಅಂತ ತೀರ್ಮಾನ ಮಾಡಿ ಬಚ್ಚಲಿನ ಟೈಲ್ಸ್ ಒಡೆಸಿದೆ. ಒಳಗೆ ಒಣಗಿದ ಇಟ್ಟಿಗೆ. ಮಳೆ ಬಂದಾಗ ಮಾತ್ರ ಸೋರುವುದಕ್ಕೂ ದಿನವಿಡೀ ನೀರಿರುವ ಪೈಪಿಗೂ ಏನು ಸಂಬಂಧ ಅಂತ ಆಗ ಹೊಳೆಯಲೇ ಇಲ್ಲ. ಎರಡು ಇಂಚು ನೀರು ಪರೀಕ್ಷೆ ಮಾಡುವುದು ಕೆಳಗಿನ ಎರಡು ಇಂಚನ್ನು ಮಾತ್ರ, ಅದರ ಮೇಲಿರುವ, ತಾರಸಿಯ ಅಂಚಿನ ಮೂರಡಿ ಪ್ಯಾರಪೆಟ್ ಗೋಡೆಯನ್ನು ಅಲ್ಲ. ನನ್ನ ಪರೀಕ್ಷೆ ಸುಳ್ಳು ಹೇಳಲಿಲ್ಲ, ನಾನು ಕೇಳದ ಪ್ರಶ್ನೆಗೂ ಅದು ಉತ್ತರ ಕೊಟ್ಟಿದೆ ಅಂತ ನಾನೇ ಅಂದುಕೊಂಡೆ. (ಎರಡು ಇಂಚು ನೀರು ಅಂದರೆ ಚದರ ಮೀಟರಿಗೆ ಸುಮಾರು 50 ಕೆಜಿ ಭಾರ. ಕೆಳಗೆ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದ್ದರೆ ಈ ಸಾಹಸ ಬೇಡ.)

ಕೊನೆಗೆ ದಾರಿ ತೋರಿಸಿದ್ದು ಅಮ್ಮ. "ಗಾಳಿಮಳೆ ಬಂದಾಗ ಮಾತ್ರ ಅಲ್ವೇನೋ ಸೋರೋದು, ಸುಮ್ನೆ ಸುರಿಯೋ ಮಳೆಗೆ ಬಕೆಟ್ ಇಟ್ಟಿದ್ದೇ ನೆನಪಿಲ್ಲ" ಅಂದರು. ಬಿಸಿಲಿರುವ ದಿನ ನೋಡಿ ಪೈಪು ಹಿಡಿದು ಗೋಡೆಯ ಬುಡದಿಂದ ಶುರು ಮಾಡಿದೆ. ಒಂದೊಂದು ಜಾಗಕ್ಕೆ ಅರ್ಧ ಗಂಟೆ ನೀರು, ಆಮೇಲೆ ಸ್ವಲ್ಪ ಮೇಲೆ. ಕೆಳಗೆ ಅಮ್ಮ ಕುರ್ಚಿ ಹಾಕಿಕೊಂಡು ಫ್ಯಾನ್ ನೋಡುತ್ತಾ ಕೂತಿದ್ದರು. ಮೇಲಿನಿಂದ ಶುರು ಮಾಡಬೇಡಿ, ಎಲ್ಲಾ ಒದ್ದೆಯಾಗಿ ಯಾವುದರಿಂದ ಸೋರಿತು ಅಂತ ಗೊತ್ತಾಗುವುದಿಲ್ಲ. ಗೋಡೆಯ ನೆತ್ತಿಗೆ ನೀರು ಬಿಟ್ಟು ಇಪ್ಪತ್ತು ನಿಮಿಷಕ್ಕೆ ಕೆಳಗಿನಿಂದ ಕೂಗು ಬಂತು.

ಆ ನೆತ್ತಿ ಮಟ್ಟಸವಾಗಿತ್ತು, ಪ್ಲಾಸ್ಟರ್ ಉದ್ದಕ್ಕೂ ಸೀಳಿತ್ತು. ನೀರು ಇಟ್ಟಿಗೆಯೊಳಗೇ ಇಳಿದು ಕೋಟಿಂಗಿನ ಅಡಿಗೆ ಬರುತ್ತಿತ್ತು. ಅಂದರೆ ನನ್ನ ಮೂರು ಪದರ ಕೋಟಿಂಗ್ ಮಾಡಿದ್ದು, ಒಳಗೆ ಬಂದ ನೀರು ಮೇಲೆ ಆವಿಯಾಗದಂತೆ ತಡೆದದ್ದು. ಅಲ್ಲಲ್ಲಿ ಗುಳ್ಳೆ ಎದ್ದಿದ್ದಕ್ಕೆ ಹಚ್ಚಿದವರನ್ನು ಬೈದಿದ್ದೆ, ಪಾಪ.

ರಿಪೇರಿ ಅರ್ಧ ದಿನದ ಕಥೆ ಅಲ್ಲದಿದ್ದರೂ ಸುಲಭವೇ. ನೆತ್ತಿಯ ಪ್ಲಾಸ್ಟರ್ ಕಿತ್ತು, ನೀರು ನಿಲ್ಲದಂತೆ ತಾರಸಿ ಕಡೆಗೆ ಇಳಿಜಾರು ಕೊಟ್ಟು ಹೊಸದಾಗಿ ಮಾಡಿಸಿದೆ. ಗೋಡೆಯ ಬಿರುಕುಗಳನ್ನು ಮೇಲೆ ಸವರದೆ ಸ್ವಲ್ಪ ಅಗಲಿಸಿ ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಿಸಿದೆ. ಗೋಡೆ ನೆಲ ಸೇರುವ ಮೂಲೆಯನ್ನು ದುಂಡಗೆ ಮಾಡಿಸಿ, ಎಲ್ಲಾ ಪೂರ್ತಿ ಒಣಗಿದ ಮೇಲೆ ಕೋಟಿಂಗನ್ನು ಗೋಡೆಯ ಮೇಲೆ ಒಂದಡಿ ಹತ್ತಿಸಿದೆ. ಒಣಗಲು ಬಿಡುವುದಕ್ಕೆ ಮಾತ್ರ ತಾಳ್ಮೆ ಬೇಕು.

ನೀವು "ಒಳ್ಳೆ ಬ್ರ್ಯಾಂಡ್" ಕೇಳಿದ್ದೀರಿ, ಸೋರುವುದು ಯಾವ ಮಳೆಗೆ, ಶುರುವಾಗಿ ಎಷ್ಟು ಹೊತ್ತಿಗೆ ಅಂತ ಬರೆದೇ ಇಲ್ಲ. ಅದನ್ನು ಎರಡು ಮಳೆ ಗಮನಿಸಿ. ಮಳೆ ಇಲ್ಲದಾಗಲೂ ಹನಿಯುತ್ತಿದ್ದರೆ ನನ್ನ ಕಥೆ ಬಿಟ್ಟುಬಿಡಿ. ರಾತ್ರಿ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ, ಮಟ್ಟಕ್ಕೆ ಗುರುತು ಹಾಕಿ. ಯಾರೂ ನಲ್ಲಿ ತಿರುಗಿಸದೆ, ಟ್ಯಾಂಕು ನಲ್ಲಿ ಫ್ಲಶ್ ಯಾವುದೂ ಸೋರದೆ ಬೆಳಿಗ್ಗೆ ಮಟ್ಟ ಇಳಿದಿದ್ದರೆ ಆಗ ಟೈಲ್ಸ್ ಒಡೆಸಿ.